ಜರಡಿಯಮ್ಮನ ಮುದ್ರೆ

ಅತ್ತೆಯ ಕಾಟ ಎಂದು ಗೋಳಾಡುವ ಗಂಡಸರನ್ನು ಕಂಡರೆ ನನಗೆ ನಗು ಬರುತ್ತದೆ. ಅವರ ಅತ್ತೆ ಅಪರೂಪಕ್ಕೆ ಬರುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ. ನನ್ನ ಅತ್ತೆ ಹಗಲೆಲ್ಲ ಕಾರ್ಖಾನೆಯಲ್ಲಿ ನನ್ನ ತಲೆಯ ಮೇಲೆ, ಸಂಜೆಯಾದರೆ ಮನೆಯಲ್ಲಿ ನನ್ನ ತಟ್ಟೆಯ ಎದುರಿಗೆ. ಮನೆಯಲ್ಲಿ "ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ. ಕಾರ್ಖಾನೆಯಲ್ಲಿ ಅದೇ ಬಾಯಿ "ಏಯ್, ಬಾ ಇಲ್ಲಿ, ಏನಿದು?" ಎನ್ನುತ್ತದೆ. ನಾನೂ ಕಡಿಮೆಯಿಲ್ಲ. ಗೇಟಿನ ಒಳಗೆ ಅವರು ನನಗೆ ಮೇಡಂ, ಹೊರಗೆ ಅತ್ತೆ. ನಡುವೆ ಬಸ್ಸಿನಲ್ಲಿ ಏನು ಕರೆಯಬೇಕೋ ತಿಳಿಯದೆ ಇಬ್ಬರೂ ಕಿಟಕಿಯಾಚೆ ನೋಡುತ್ತಿರುತ್ತೇವೆ.

ನಮ್ಮದು ಕಬ್ಬಿಣ ತೊಳೆಯುವ ಕಾರ್ಖಾನೆ. ಹಾಗೆಂದರೆ ಜನ ನಗುತ್ತಾರೆ. ಯಾವ ಕಬ್ಬಿಣ ಎಂದು ಹೇಳಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಊರಾಚೆ ಒಂದು ಅಣುವಿದ್ಯುತ್ ಸ್ಥಾವರವಿತ್ತು. ವಯಸ್ಸಾಗಿ ನಿಂತುಹೋಯಿತು. ಈಗ ಅದನ್ನು ತುಂಡು ತುಂಡಾಗಿ ಬಿಚ್ಚುತ್ತಿದ್ದಾರೆ. ಬೆಂಕಿಯ ಹೊಟ್ಟೆಯಂತಿದ್ದ ನಡುಭಾಗದ ಲೋಹ ನಮ್ಮ ಕಡೆ ಬರುವುದೇ ಇಲ್ಲ, ಅದಕ್ಕೆ ಬೇರೆಯದೇ ದಾರಿ. ನಮಗೆ ಬರುವುದು ಸುತ್ತಮುತ್ತ ಇದ್ದ ತೊಟ್ಟಿ, ಕೊಳವೆ, ಏಣಿ, ತೊಲೆ, ಬೋಲ್ಟು. ಇವುಗಳ ಒಳಗೆ ಏನೂ ಕೆಟ್ಟಿರುವುದಿಲ್ಲ. ಮೇಲಿನ ತೆಳ್ಳನೆಯ ಪದರದಲ್ಲಿ, ತುಕ್ಕಿನ ಸಂದಿಯಲ್ಲಿ, ಹಳೆಯ ಬಣ್ಣದ ಅಡಿಯಲ್ಲಿ ವಿಕಿರಣದ ಧೂಳು ಕೂತಿರುತ್ತದೆ, ಅಷ್ಟೆ. ಆ ಪದರ ಕೆರೆದು ತೆಗೆದರೆ ಅದು ಯಾವುದೇ ಕಬ್ಬಿಣದ ಹಾಗೆ ಕಬ್ಬಿಣ. ಕರಗಿಸಿ ಸೇತುವೆಗೆ ಕಟಕಟೆ ಮಾಡಬಹುದು, ಆಸ್ಪತ್ರೆಗೆ ಮಂಚ ಮಾಡಬಹುದು. ಕೆರೆಯಲಿಲ್ಲವೋ, ಇಡೀ ತೊಟ್ಟಿಯನ್ನು ನೆಲದಲ್ಲಿ ಹೂತು ನಮ್ಮ ಮರಿಮಕ್ಕಳನ್ನು ಕಾವಲಿಗೆ ಕೂರಿಸಬೇಕು.

ಕೆರೆಯುವವನು ನಾನು. ಮುಚ್ಚಿದ ಕೋಣೆಯೊಳಗೆ ನಿಂತು ಕೆಲಸ. ಮೈತುಂಬ ದಪ್ಪ ಬಟ್ಟೆ, ಮುಖಕ್ಕೆ ಗಾಜಿನ ಕವಚ, ಉಸಿರಾಡಲು ಹೊರಗಿನಿಂದ ಗಾಳಿ ತರುವ ನಳಿಕೆ. ಕೈಯಲ್ಲಿ ತೋಳಿನ ಗಾತ್ರದ ಹೋಸ್. ಅದರ ಬಾಯಿಂದ ಉಕ್ಕಿನ ಸಣ್ಣ ಹರಳು ರಭಸವಾಗಿ ಚಿಮ್ಮಿ ಕಬ್ಬಿಣದ ಮೈಗೆ ಬಡಿಯುತ್ತದೆ. ಆ ಹರಳಿಗೆ ನಾವು ರವೆ ಎನ್ನುತ್ತೇವೆ, ನೋಡಲು ಹಾಗೇ ಇದೆ. ರವೆ ಬಡಿದಲ್ಲಿ ಬಣ್ಣ, ತುಕ್ಕು, ಧೂಳು ಎಲ್ಲ ಎದ್ದುಹೋಗಿ ಬೂದು ಬಣ್ಣದ ಹೊಸ ಚರ್ಮ ಕಾಣುತ್ತದೆ. ಎದ್ದ ಧೂಳನ್ನು ದೊಡ್ಡ ಫ್ಯಾನು ಎಳೆದು ಫಿಲ್ಟರಿಗೆ ಕಳಿಸುತ್ತದೆ. ರವೆ ಕೆಳಗಿನ ಜಾಲರಿಯಿಂದ ಬಿದ್ದು, ಸುತ್ತಿಕೊಂಡು, ಮತ್ತೆ ಹೋಸಿಗೆ ಬರುತ್ತದೆ. ಆ ಹೊಸ ಚರ್ಮ ಮೊದಲ ಸಲ ಬೆಳಕು ಕಾಣುವ ಕ್ಷಣ ನನಗೆ ಬಹಳ ಇಷ್ಟ. ಯಾರಿಗೂ ಹೇಳಿಕೊಂಡಿಲ್ಲ, ಹೇಳಿದರೆ ಹುಚ್ಚ ಎಂದಾರು.

ನಾನು ಕೆರೆದದ್ದನ್ನು ಅಳೆಯುವವರು ಅತ್ತೆ. ಮೀಟರಿನ ಚಪ್ಪಟೆ ತಲೆಯನ್ನು ಕಬ್ಬಿಣದಿಂದ ಬೆರಳಿನಷ್ಟು ಮೇಲೆ ಹಿಡಿದು, ಮಗುವಿನ ಬೆನ್ನು ಸವರುವಷ್ಟು ನಿಧಾನವಾಗಿ, ಒಂದಂಗುಲವೂ ಬಿಡದೆ ಆಡಿಸುತ್ತಾರೆ. ಬರಿಯ ಗಾಳಿಯಲ್ಲೂ ಮೀಟರು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ. ಮಣ್ಣಿನಲ್ಲಿ, ಗೋಡೆಯಲ್ಲಿ, ನಮ್ಮ ಮೈಯಲ್ಲೂ ಇರುವ ವಿಕಿರಣ ಅದು. ಕಬ್ಬಿಣದ ಮೇಲೂ ಅಷ್ಟೇ ಟಿಕ್ ಎಂದರೆ ಪಾಸು. ಆಗ ಅತ್ತೆ ಜೇಬಿನಿಂದ ಉಕ್ಕಿನ ಪಂಚ್ ತೆಗೆದು, ತುಂಡಿನ ಮೂಲೆಗಿಟ್ಟು, ಸುತ್ತಿಗೆಯಿಂದ ಒಂದೇ ಏಟು ಹೊಡೆಯುತ್ತಾರೆ. ಉಂಗುರದಂಥ ಮುದ್ರೆ ಬೀಳುತ್ತದೆ. ಆ ಮುದ್ರೆ ಇಲ್ಲದೆ ಒಂದು ಮೊಳೆಯೂ ಗೇಟು ದಾಟುವಂತಿಲ್ಲ. ಪಂಚ್ ಇಟ್ಟುಕೊಳ್ಳುವ ಹಕ್ಕು ಇಡೀ ಕಾರ್ಖಾನೆಯಲ್ಲಿ ಒಬ್ಬರಿಗೇ. ದೊಡ್ಡ ಓದು ಓದಿ, ಲೈಸೆನ್ಸ್ ಕಚೇರಿಯ ಪರೀಕ್ಷೆ ಕೊಟ್ಟು ಅತ್ತೆ ಅದನ್ನು ಗಳಿಸಿದ್ದರು. ಅವರಿಗೆ ಅದು ಪ್ರಾಣ. ಮಾವ ತೀರಿಕೊಂಡಾಗಲೂ ಮಗಳ ಮದುವೆಯಲ್ಲೂ ಪಂಚ್ ಅವರ ಜೇಬಿನಲ್ಲೇ ಇತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅರ್ಧ ತಮಾಷೆಗೆ, ಅರ್ಧ ಹೊಟ್ಟೆಕಿಚ್ಚಿಗೆ.

ಕಾರ್ಖಾನೆಯಲ್ಲಿ ಅವರಿಗೆ ಜರಡಿಯಮ್ಮ ಎಂದು ಹೆಸರು. ಸಣ್ಣದೂ ತೂರಿ ಹೋಗುವಂತಿಲ್ಲ. ಒಮ್ಮೆ ಒಂದು ರಾಶಿ ಕಟಕಟೆ ಕಂಬಿಗಳು ಬಂದವು. ಹೊರಮೈ ಲಕಲಕ. ಲಾರಿ ಬಾಗಿಲಲ್ಲಿ ನಿಂತಿದೆ, ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

"ಒಳಗೆ ಟೊಳ್ಳು," ಎಂದರು ಅತ್ತೆ.

"ಎರಡೂ ತುದಿ ಮುಚ್ಚಿದೆಯಲ್ಲ ಮೇಡಂ. ಒಳಗೆ ಹೇಗೆ ಹೋಗಿರುತ್ತೆ?"

"ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದಕ್ಕೇ ಸೀಳಿ."

ಸೀಳಿದೆವು. ಒಂದೂ ಬಿಡದೆ ಎಲ್ಲವೂ ಒಳಗೆ ಚೊಕ್ಕವಾಗಿದ್ದವು. ಮ್ಯಾನೇಜರ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗ! ಅತ್ತೆ ಮಾತ್ರ ಎಳ್ಳಷ್ಟೂ ನಾಚಿಕೊಳ್ಳದೆ, "ಈಗ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು," ಎಂದು ಒಂದೊಂದಕ್ಕೂ ಮುದ್ರೆ ಹೊಡೆದರು. ಸುಮ್ಮನೆ ಸೀಳಿಸಿದರೆಂದು ನಾನು ಅವತ್ತೆಲ್ಲ ಗೊಣಗಿದೆ. ಮಲಗುವ ಮುಂಚೆ ಯೋಚಿಸಿದರೆ, ನಾಳೆ ನನ್ನ ಮಗಳು ಆ ಕಬ್ಬಿಣದ ಕಟಕಟೆ ಹಿಡಿದು ಸೇತುವೆ ದಾಟಬಹುದು. ಆಗ ಅಳೆದವರು ಇಂಥವರೇ ಆಗಿರಲಿ ಅನ್ನಿಸಿತು. ಇದನ್ನೂ ಯಾರಿಗೂ ಹೇಳಲಿಲ್ಲ.

ಅತ್ತೆಯ ಇನ್ನೊಂದು ಗುಣ ಜಿಪುಣತನ. ಮನೆಯಲ್ಲಿ ಸವೆದ ಸೋಪಿನ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಹೊಸ ಸೋಪಾಗುತ್ತವೆ. ಹರಿದ ಬೆಡ್‌ಶೀಟು ದಿಂಬಿನ ಗವಸಾಗಿ, ಗವಸು ಕೈವಸ್ತ್ರವಾಗಿ, ಕೈವಸ್ತ್ರ ಒರೆಸುವ ಬಟ್ಟೆಯಾಗಿ, ಕೊನೆಗೆ ದಾರವಾಗುತ್ತದೆ. ಕಾರ್ಖಾನೆಯಲ್ಲೂ ಅವರ ಕಣ್ಣು ಕಸದ ಪೀಪಾಯಿಗಳ ಮೇಲೆ. ನಾವು ಬಳಸಿ ಬಿಸಾಡಿದ ರವೆ, ಫಿಲ್ಟರು, ಕೈಗವಸು ಎಲ್ಲ ಪೀಪಾಯಿ ಸೇರಿ ಹೂಳುವ ಜಾಗಕ್ಕೆ ಹೋಗುತ್ತವೆ. "ಕಬ್ಬಿಣ ಉಳಿಸೋಕೆ ಹೋಗಿ ಅದಕ್ಕಿಂತ ಜಾಸ್ತಿ ಕಸ ಹೂಳೋದು ಯಾವ ಸೀಮೆ ಬುದ್ಧಿವಂತಿಕೆ?" ಎಂದು ಎಲ್ಲರ ಕಿವಿ ಹಿಂಡಿದರು. ಒಂದು ಆದೇಶ ಬರೆದು, ಸಹಿ ಹಾಕಿ, ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು. ಇನ್ನು ಮುಂದೆ ಒಂದೊಂದು ಲಾಟು, ಅಂದರೆ ಒಮ್ಮೆಗೆ ಬಂದ ಸರಕು, ಮುಗಿದಾಗಲೂ ರವೆ ಬದಲಾಯಿಸುವಂತಿಲ್ಲ. ಬಿದ್ದ ರವೆಯನ್ನು ಜರಡಿ ಹಿಡಿದು, ಪುಡಿಯನ್ನು ಮಾತ್ರ ಬಿಸಾಡಿ, ಗಟ್ಟಿ ಹರಳನ್ನು ಪೂರ್ತಿ ಸವೆಯುವವರೆಗೆ ಬಳಸಬೇಕು. ಪೀಪಾಯಿಗಳ ಸಾಲು ಅರ್ಧಕ್ಕಿಳಿಯಿತು. ಬೇರೆ ಕಾರ್ಖಾನೆಗಳಿಂದ ಜನ ಬಂದು ನೋಡಿಕೊಂಡು ಹೋದರು. ಅತ್ತೆ ಒಂದು ವಾರ ಸ್ವಲ್ಪ ಎತ್ತರವಾಗಿ ನಡೆದರು.

ಅದಾದ ಮೇಲೆ ಬಂದದ್ದು ಆ ತೊಟ್ಟಿಯ ಹಲಗೆಗಳು.

ದೊಡ್ಡ ನೀರಿನ ತೊಟ್ಟಿಯೊಂದನ್ನು ಕೊಯ್ದು ಮಾಡಿದ ದಪ್ಪ ಹಲಗೆಗಳು. ಸುಲಭದ ಕೆಲಸ, ಚಪ್ಪಟೆ ಮೈ, ಅಂಚಿನ ಬೋಲ್ಟು ತೂತು ಬಿಟ್ಟರೆ ಸಂದಿಗೊಂದಿ ಇಲ್ಲ. ನಾನು ಹಾಡಿಕೊಂಡು ಹೊಡೆದೆ. ಅತ್ತೆ ಅಳೆದು, "ವಾಪಸ್," ಎಂದರು. ಇರಲಿ, ಎಲ್ಲೋ ಕೈ ಬಿಟ್ಟಿರಬೇಕು ಎಂದುಕೊಂಡು ಮತ್ತೆ ಹೊಡೆದೆ. ಮತ್ತೆ ವಾಪಸ್. ಮೀಟರು ಮೊದಲಿಗಿಂತ ಸ್ವಲ್ಪ ಹೆಚ್ಚೇ ಟಿಕ್ ಎನ್ನುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಮೂರನೇ ಸಲ ಹಲಗೆ ಕನ್ನಡಿಯಾಗುವಂತೆ, ಭುಜ ಕಳಚಿ ಬೀಳುವಂತೆ ಹೊಡೆದೆ. ಮೂರನೇ ಸಲವೂ ವಾಪಸ್. ಟಿಕ್ ಟಿಕ್ ಇನ್ನೂ ಜೋರು.

ಅತ್ತೆಯ ಪಕ್ಕದಲ್ಲಿ ಅವರ ಸಹಾಯಕಿ ನಿಂತಿದ್ದಳು. ಅವಳು ನನ್ನದೇ ವಯಸ್ಸಿನವಳು, ಅತ್ತೆ ಓದಿದ್ದನ್ನೇ ಓದಿ ಅದೇ ಪರೀಕ್ಷೆ ಪಾಸು ಮಾಡಿದವಳು. ಆದರೆ ಬಾಯಿ ತೆರೆದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಪಿಸುಮಾತು ಎನ್ನುತ್ತಿದ್ದರು. ಪಿಸುಮಾತು ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡಿದಳು. ಅದು ಇನ್ನೂ ಉರಿಸಿತು.

ಆ ಸಂಜೆ ಊಟಕ್ಕೆ ಕೂತಾಗ ನಾನು ಹೆಂಡತಿಗೆ ಹೇಳಿದೆ, ಅತ್ತೆಗೆ ಕೇಳಿಸಲೆಂದೇ.

"ನಿಮ್ಮಮ್ಮಂಗೆ ನನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ. ಇವತ್ತು ಎಲ್ಲರ ಮುಂದೆ ಮಾನ ತೆಗೆದ್ರು."

"ರೀ, ಫ್ಯಾಕ್ಟರಿ ಜಗಳನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳಿದೀನಿ?"

"ಜಗಳ ಅಲ್ಲ ಕಣೆ. ಕನ್ನಡಿ ಹಾಗೆ ಹೊಳೀತಿದೆ, ಬೇಕಾದ್ರೆ ಮುಖ ನೋಡಿಕೊಂಡು ತಲೆ ಬಾಚಬಹುದು. ಅದನ್ನ ಕೊಳೆ ಅಂತಾರೆ. ಎಷ್ಟು ಹೊಡೆದ್ರೂ ವಾಪಸ್, ವಾಪಸ್, ವಾಪಸ್!"

ಅತ್ತೆ ತಲೆಯೆತ್ತದೆ ಕೇಳಿದರು. "ಅಳಿಯಂದ್ರೇ, ಮೂರನೇ ಸಲ ಎಷ್ಟು ಹೊತ್ತು ಹೊಡೆದ್ರಿ?"

"ಮೊದಲಿನ ಎರಡರಷ್ಟು. ಯಾಕೆ, ಅದೂ ಸಾಲದಾ?"

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಜಾಸ್ತಿ ಹೊಡೆದಷ್ಟೂ ಜಾಸ್ತಿ ಆಗಿದೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನನಗೆ ಇನ್ನೂ ನಾಲ್ಕು ಮಾತಾಡುವುದಿತ್ತು. ಆದರೆ ಅವರು ಎದ್ದು ಕೈ ತೊಳೆದುಬಿಟ್ಟರು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಅನ್ನದ ಅಗುಳೂ ಬಿಡದ ಹೆಂಗಸು ಊಟ ಬಿಟ್ಟು ಎದ್ದದ್ದು ನೋಡಿ ನನ್ನ ಹೆಂಡತಿ ಗಾಬರಿಯಾದಳು.

ಮರುದಿನ ನಾನು ಕಾರ್ಖಾನೆಗೆ ಹೋಗುವಷ್ಟರಲ್ಲಿ ಅತ್ತೆ ನನ್ನ ಕೋಣೆಯ ಮುಂದೆ ದಪ್ಪ ಬಟ್ಟೆ ತೊಟ್ಟು ನಿಂತಿದ್ದರು. ಕೈಯಲ್ಲಿ ಅಂಗಡಿಯಿಂದ ತಂದ ಹೊಸ ಕಬ್ಬಿಣದ ತಗಡು. ಸ್ಥಾವರವನ್ನು ಕನಸಿನಲ್ಲೂ ಕಾಣದ ತಗಡು ಅದು. ಎಲ್ಲರ ಎದುರಿಗೆ ಅದನ್ನು ಅಳೆದು ತೋರಿಸಿದರು. ಬರಿಗಾಳಿಯಷ್ಟೇ ಟಿಕ್.

"ಒಳಗೆ ತಗೊಂಡ್ಹೋಗಿ ಹೊಡಿ," ಎಂದು ನನ್ನ ಕೈಗಿತ್ತರು. "ನಿನ್ನೆ ಹೊಡೆದ ಹಾಗೇ."

ಹೊಡೆದೆ. ಹೊರಗೆ ತಂದೆ. ಅತ್ತೆ ಮೀಟರನ್ನು ಅದರ ಮೇಲೆ ಆಡಿಸಿದರು. ಟಿಕ್ ಟಿಕ್ ಟಿಕ್ ಟಿಕ್.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಲಗೆಯಲ್ಲಿ ಕೊಳೆ ಇರಲಿಲ್ಲ. ಕೊಳೆ ಇದ್ದದ್ದು ನನ್ನ ರವೆಯಲ್ಲಿ. ಹಲಗೆಗಳಿಗೆ ಮುಂಚೆ ಬಹಳ ಕೆಟ್ಟ ಕೊಳವೆಗಳ ಒಂದು ಲಾಟು ಬಂದಿತ್ತು. ಅವು ಉಳಿಸಿಕೊಳ್ಳುವಂಥವಲ್ಲ, ಮೇಲಿನ ಸಡಿಲ ಕೊಳೆಯನ್ನಷ್ಟೇ ಒಂದು ಸುತ್ತು ಕೆರೆದು ಹೂಳಲು ಕಳಿಸಿದ್ದೆವು. ಹಿಂದೆಲ್ಲ ಆದರೆ ಅಂಥ ಲಾಟಾದ ಮೇಲೆ ರವೆಯನ್ನೆಲ್ಲ ಪೀಪಾಯಿಗೆ ಸುರಿಯುತ್ತಿದ್ದೆವು. ಈ ಸಲ ಗೋಡೆಯ ಆದೇಶದ ಪ್ರಕಾರ ಜರಡಿ ಹಿಡಿದು ಉಳಿಸಿಕೊಂಡಿದ್ದೆವು. ಕೊಳವೆಯ ಕೊಳೆಯನ್ನು ಮೈಗಂಟಿಸಿಕೊಂಡ ರವೆ, ನಾನು ಹೊಡೆದಷ್ಟೂ ಅದನ್ನು ಶುದ್ಧ ಹಲಗೆಯ ಮೈಗೆ ಒತ್ತಿ ಕೂರಿಸುತ್ತಿತ್ತು. ನಾನು ತೊಳೆಯುತ್ತಿರಲಿಲ್ಲ, ಬಳಿಯುತ್ತಿದ್ದೆ.

ಅತ್ತೆ ಗೋಡೆಯ ಹತ್ತಿರ ಹೋಗಿ ತಮ್ಮ ಆದೇಶವನ್ನು ಒಮ್ಮೆ ಪೂರ್ತಿ ಓದಿದರು. ಸಹಿಯವರೆಗೂ ಓದಿದರು.

"ಕಸ ಕಮ್ಮಿ ಮಾಡ್ತೀನಿ ಅಂತ ಹೋಗಿ ಒಳ್ಳೆ ಕಬ್ಬಿಣನೇ ಕಸ ಮಾಡಿದೀನಿ," ಎಂದರು. "ನನ್ನದೇ ಕೆಲಸ ಇದು."

ಆ ದಿನವೆಲ್ಲ ಅಂಗಳದಲ್ಲಿ ಇನ್ನೂ ಲಾರಿ ಹತ್ತದೆ ಇದ್ದ ಮುದ್ರೆಯ ತುಂಡುಗಳನ್ನೆಲ್ಲ ಅತ್ತೆ ಮತ್ತು ಪಿಸುಮಾತು ಸೇರಿ ಮತ್ತೆ ಅಳೆದರು. ಎಲ್ಲ ಚೊಕ್ಕ. ಕೊಳವೆಗಳು ಬಂದ ಮೇಲೆ ಹೊಡೆದ ಒಂದೇ ಒಂದು ತುಂಡಿಗೂ ಅವರು ಮುದ್ರೆ ಹಾಕಿರಲಿಲ್ಲ. ಆದೇಶ ಬರೆದವರೂ ಅವರೇ, ಅದರ ತಪ್ಪನ್ನು ಗೇಟಿನೊಳಗೇ ತಡೆದು ಹಿಡಿದವರೂ ಅವರೇ. ಅಳಿಯನ ಬೈಗುಳ ಕೇಳಿಕೊಂಡು ಮೂರು ಸಲ ವಾಪಸ್ ಎಂದಿದ್ದರಲ್ಲ! ನಾನು ಅವರ ಜಾಗದಲ್ಲಿದ್ದಿದ್ದರೆ ಎರಡನೇ ಸಲಕ್ಕೇ ಮೀಟರು ಕೆಟ್ಟಿದೆ ಎಂದುಬಿಡುತ್ತಿದ್ದೆ.

ಆದರೆ ನಿಯಮ ಕಟ್ಟುನಿಟ್ಟು. ಒಂದು ಲಾಟು ಮೂರು ಸಲ ಫೇಲಾದರೆ ಲೈಸೆನ್ಸ್ ಕಚೇರಿಯ ತಪಾಸಣೆಯವರು ಬಂದು ಕಾರಣ ಕೇಳುತ್ತಾರೆ. ಕೆಲಸಗಾರನ ಮರೆವು ಎಂದಾದರೆ ಅವನಿಗೆ ಒಂದು ದಿನ ಪಾಠ ಹೇಳಿ ಬಿಟ್ಟುಬಿಡುತ್ತಾರೆ. ಕೆಲಸದ ವಿಧಾನವೇ ತಪ್ಪು ಎಂದಾದರೆ ಆ ವಿಧಾನ ಹಾಕಿಕೊಟ್ಟವರ ಕೈಯಿಂದ ಪಂಚ್ ಹೋಗುತ್ತದೆ. ಮೊದಲಿನಿಂದ ಮತ್ತೆ ಪರೀಕ್ಷೆ ಕೊಟ್ಟು ಗೆದ್ದರಷ್ಟೇ ವಾಪಸ್. ಅತ್ತೆಗೆ ನಿವೃತ್ತಿ ಹತ್ತಿರವಿತ್ತು. ಹೋದರೆ ಬಹುಶಃ ಹೋದಹಾಗೇ.

ಮ್ಯಾನೇಜರು ನನ್ನನ್ನು ಮೂಲೆಗೆ ಕರೆದರು. ಮನುಷ್ಯ ಕೆಟ್ಟವನಲ್ಲ, ಗಡಿಬಿಡಿಯವನು.

"ನೋಡಪ್ಪ, ರವೆ ಬದಲಾಯಿಸೋದು ಮರೆತೆ ಅಂತ ನೀನೊಂದು ಮಾತು ಹೇಳಿಬಿಡು. ನಿನಗೇನೂ ಆಗಲ್ಲ. ನಿಮ್ಮತ್ತೆ ಮರ್ಯಾದೆ ಉಳಿಯುತ್ತೆ."

"ಗೋಡೆ ಮೇಲಿನ ಆದೇಶ?"

"ಯಾರು ಓದ್ತಾರೆ ಬಿಡು."

ಹಿಂದಿನ ದಿನ ಊಟದ ಹೊತ್ತಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ನಾನು ಕ್ಷಣವೂ ಮೀನಮೇಷ ಎಣಿಸದೆ ಹೂಂ ಎಂದೆ. ಅವರ ಜೇಬು ಬರಿದಾಗುವುದನ್ನು ನೆನೆಸಿಕೊಂಡೇ ನನಗೆ ತಡೆಯಲಾಗಲಿಲ್ಲ. ನೇರ ಅತ್ತೆಯ ಮೇಜಿಗೆ ಹೋದೆ.

"ಮೇಡಂ, ನಾಳೆ ತಪಾಸಣೆಯವರು ಬಂದಾಗ ನಾನೇ ಮರೆತೆ ಅಂತ ಹೇಳ್ತೀನಿ."

"ಮರೆತಿದ್ಯಾ?"

"ಇಲ್ಲ."

"ಮತ್ತೆ?"

"ನಿಮ್ಮ ಪಂಚ್ ಹೋಗುತ್ತೆ, ಮೇಡಂ."

ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರ ಕಣ್ಣು ಕೆಂಪಾಗಿತ್ತು. "ನೀನು ಮರೆತೆ ಅಂದ್ರೆ ಅವರು ನಿನಗೆ ಪಾಠ ಹೇಳಿ ಹೋಗ್ತಾರೆ. ವಿಧಾನ ಸರಿ ಅಂತ ಅವರ ಕಡತದಲ್ಲೇ ಉಳಿಯುತ್ತೆ. ಬೇರೆ ಫ್ಯಾಕ್ಟರಿಯೋರು ಬಂದು ನೋಡ್ಕೊಂಡು ಹೋಗಿದಾರಲ್ಲ, ಅವರೆಲ್ಲ ಹಾಗೇ ಮಾಡ್ತಿರ್ತಾರೆ. ಅಲ್ಲಿ ಅಳೆಯೋರು ನಿನ್ನಂಥ ಅಳಿಯನಿಗೆ ಹೆದರಿ ಪಾಸು ಮಾಡಿದ್ರೆ?" ಆಮೇಲೆ ದನಿ ತಗ್ಗಿಸಿ, "ಹೇಳೋಕೆ ಬಂದ್ಯಲ್ಲ, ಅದು ದೊಡ್ಡದು. ಈಗ ಹೋಗು, ಹಳೇ ರವೆಯೆಲ್ಲ ಪೀಪಾಯಿಗೆ ಸುರಿ," ಎಂದರು.

ಸುರಿದೆ. ಸುರಿಯುವಾಗ ನನಗೆ ಅಳು ಬಂತು. ಮುಖಕವಚ ಹಾಕಿದ್ದೆ, ಯಾರಿಗೂ ಕಾಣಲಿಲ್ಲ. ಎಂಥ ಹೆಂಗಸು! ಇವರ ಮನೆಯ ಅಳಿಯ ಎಂದು ಆವತ್ತು ಮೊದಲ ಸಲ ಎದೆಯುಬ್ಬಿತು.

ತಪಾಸಣೆಯವರು ಬಂದರು. ಅವರು ಅತ್ತೆಯನ್ನು ಬಹಳ ಕಾಲದಿಂದ ಬಲ್ಲವರು, ಅವರ ಹತ್ತಿರವೇ ಕೆಲವು ವಿಷಯ ಕಲಿತವರು. ಅತ್ತೆ ಏನನ್ನೂ ಮುಚ್ಚಿಡದೆ ಹೇಳಿದರು; ಹೊಸ ತಗಡು ತೋರಿಸಿದರು, ಗೋಡೆಯ ಆದೇಶವನ್ನು ತಾವೇ ಕಿತ್ತು ಅವರ ಕೈಗಿಟ್ಟರು.

"ಮೇಡಂ, ಒಂದು ತುಂಡೂ ಹೊರಗೆ ಹೋಗಿಲ್ಲ," ಎಂದರು ಅವರು. "ಇದನ್ನ ವಿಧಾನದ ತಪ್ಪು ಅಂತಾನೇ ಬರೀಬೇಕಾ?"

"ಬೇರೆಯೋರು ಮಾಡಿದ್ರೆ ಏನು ಬರೀತಿದ್ರಿ?"

ಅವರು ಬರೆದರು. ಅತ್ತೆ ಜೇಬಿನಿಂದ ಪಂಚ್ ತೆಗೆದು ಮೇಜಿನ ಮೇಲಿಟ್ಟರು. ಹಿಡಿದು ಹಿಡಿದು ಅದರ ನಡು ಸವೆದು ಹೊಳೆಯುತ್ತಿತ್ತು. ತಪಾಸಣೆಯವರು ಅದನ್ನು ಪಿಸುಮಾತಿನ ಕೈಗೆ ಕೊಟ್ಟರು. ಲೈಸೆನ್ಸ್ ಇದ್ದ ಇನ್ನೊಬ್ಬಳು ಅವಳೇ ತಾನೆ. ಪಿಸುಮಾತು ಬಿಸಿ ಕೆಂಡ ಹಿಡಿದವಳ ಹಾಗೆ ಹಿಡಿದುಕೊಂಡಳು. ಮ್ಯಾನೇಜರ ಮುಖದಲ್ಲಿ ಮಾತ್ರ, ಇನ್ನು ಲಾರಿ ಕಾಯಬೇಕಿಲ್ಲ ಎಂಬಂತೆ, ಒಂದು ಸಣ್ಣ ನೆಮ್ಮದಿ ಸುಳಿದದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು.

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಅಮ್ಮನ ಪಕ್ಕ ಕೂತು ಸಮಾಧಾನ ಹೇಳಿದಳು.

"ಹೋಗ್ಲಿ ಬಿಡಮ್ಮ. ಎಷ್ಟು ವರ್ಷ ಅಂತ ಹೊತ್ಕೊಂಡು ತಿರುಗ್ತೀಯ? ಇನ್ನು ಆರಾಮಾಗಿರು."

"ಪಂಚ್ ಹೋಗಿದ್ದಕ್ಕೆ ಬೇಜಾರಿಲ್ಲ ಕಣೆ," ಎಂದರು ಅತ್ತೆ. ಮರುಕ್ಷಣ, "ಇದೆ. ಸುಳ್ಳ್ಯಾಕೆ, ತುಂಬಾ ಇದೆ. ಆದ್ರೆ ಭಯ ಬೇರೆ. ಆ ಹುಡುಗಿಗೆ ನನಗೆ ಗೊತ್ತಿರೋದೆಲ್ಲ ಗೊತ್ತು. ಒಂದೇ ಒಂದು ಬರಲ್ಲ. ಎದುರಿಗಿರೋರಿಗೆ ಆಗಲ್ಲ ಅನ್ನೋಕೆ ಬರಲ್ಲ. ಲಾರಿ ನಿಂತಿರುತ್ತೆ, ಮ್ಯಾನೇಜರ್ ಬೆನ್ನ ಹಿಂದೆ ನಿಂತು ಹೂಂ ಹೂಂ ಅಂತಿರ್ತಾರೆ. ಆಗ ಅವಳು ಆಗಲ್ಲ ಅಂತಾಳಾ? ಅನ್ನಲಿಲ್ಲ ಅಂದ್ರೆ ನಾವು ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ಊರು ಇನ್ನೊಂದು ಸಲ ನಮ್ಮ ಕಬ್ಬಿಣ ಮುಟ್ಟಲ್ಲ."

ಮರುವಾರ ಹೊಸ ರವೆ ಬಂತು. ಬರಿಮೈಯಾಗಿ ಬಿದ್ದು ಮತ್ತೆ ತುಕ್ಕು ಹಿಡಿದಿದ್ದ ಹಲಗೆಗಳನ್ನು ಮೊದಲಿನಿಂದ ಕೆರೆಯಬೇಕಿತ್ತು, ಕೋಣೆಯಲ್ಲಿ ಎರಡನೇ ಹೋಸ್ ಹಿಡಿಯುವ ನನ್ನ ಜೊತೆಗಾರ ಬೆನ್ನು ಹಿಡಿದುಕೊಂಡು ರಜೆಯಲ್ಲಿದ್ದ. ಯಾರನ್ನು ಕಳಿಸುತ್ತಾರೋ ಎಂದು ಕಾಯುತ್ತಿದ್ದರೆ ಅತ್ತೆಯೇ ದಪ್ಪ ಬಟ್ಟೆ ತೊಟ್ಟು ಬಂದರು.

"ಎಲ್ಲಿ ನಿಲ್ಲಲಿ?" ಎಂದರು.

"ಅತ್ತೆ... ಮೇಡಂ, ನೀವು ಯಾಕೆ?"

"ಮುದ್ರೆ ಇಲ್ಲ ಅಂತ ಮನೇಲಿ ಕೂರ್ಲಾ? ಕೈಕಾಲು ಗಟ್ಟಿ ಇದೆ. ಎಲ್ಲಿ ನಿಲ್ಲಲಿ ಹೇಳು."

ನನ್ನ ಜೀವನದಲ್ಲಿ ಅಂಥ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅತ್ತೆಗೆ ಅಪ್ಪಣೆ ಕೊಡುವ ಅಳಿಯ! ಮೊದಮೊದಲು ನಾಲಿಗೆ ಏಳಲಿಲ್ಲ. ಹೋಸ್ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ರವೆ ಒಂದೇ ಕಡೆ ಬಿದ್ದು ಉಳಿದ ಕಡೆ ತುಕ್ಕು ಹಾಗೇ ಉಳಿಯುತ್ತಿತ್ತು. ಕೊನೆಗೆ ನನಗೂ ಧೈರ್ಯ ಬಂತು. "ಮೇಡಂ, ಕಾಲು ಅಗಲ ಇಡಿ. ಕೈಯಿಂದಲ್ಲ, ಸೊಂಟದಿಂದ ತಿರುಗಿಸಿ. ಅವಸರ ಮಾಡಬೇಡಿ," ಎಂದೆ. ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು ಹಾಗೇ ಮಾಡಿದರು. ಎದುರು ಮಾತಿಲ್ಲ. ಈ ವಯಸ್ಸಿನಲ್ಲಿ, ಆ ಭಾರದ ಬಟ್ಟೆಯಲ್ಲಿ ಬೆವರು ಸುರಿಸುತ್ತ ಅಳಿಯನಿಂದ ಕಲಿಯುವುದೆಂದರೆ ಸುಮ್ಮನೆಯೇ? ನಾನಾಗಿದ್ದರೆ ಹೋಸ್ ಬಿಸಾಕಿ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಹಲಗೆಯನ್ನು ಅವರೊಬ್ಬರೇ ಮುಗಿಸಿದರು. ಬೂದು ಚರ್ಮ ಮೇಲೆದ್ದಾಗ ಹೋಸ್ ನಿಲ್ಲಿಸಿ ಅದನ್ನೇ ನೋಡುತ್ತ ನಿಂತರು.

"ಇಷ್ಟು ಚೆಂದ ಇರುತ್ತೆ ಅಂತ ಯಾಕೋ ಹೇಳ್ಲಿಲ್ಲ ನೀನು?" ಎಂದರು.

ಹಲಗೆಗಳನ್ನು ತಳ್ಳುಗಾಡಿಯಲ್ಲಿಟ್ಟು ಅಳತೆಯ ಮೇಜಿಗೆ ತಂದೆವು. ಬಾಗಿಲಲ್ಲಿ ಲಾರಿ ಗುರುಗುಟ್ಟುತ್ತಿತ್ತು. ಕರಗಿಸುವ ಕುಲುಮೆಯವರು ಎರಡು ಸಲ ಫೋನ್ ಮಾಡಿದ್ದರಂತೆ. ಪಿಸುಮಾತಿನ ಬೆನ್ನ ಹಿಂದೆ ಮ್ಯಾನೇಜರು ನಿಂತಿದ್ದರು. ಅವಳು ಒಂದೊಂದೇ ಹಲಗೆ ಅಳೆದಳು. ಬರಿಗಾಳಿಯ ಟಿಕ್. ಮುದ್ರೆ. ಇನ್ನೊಂದು, ಮುದ್ರೆ. ಅವಳ ಏಟು ಅತ್ತೆಯದರಷ್ಟು ಗಟ್ಟಿಯಲ್ಲ, ಎರಡೆರಡು ಸಲ ಹೊಡೆಯಬೇಕಾಗುತ್ತಿತ್ತು. ನಾನು ಹೊಡೆದವೆಲ್ಲ ಪಾಸಾಗಿ ಅಂಗಳ ಸೇರಿದವು. ಕೊನೆಯದು ಅತ್ತೆಯ ಹಲಗೆ.

ಮೀಟರು ಹಲಗೆಯ ಮೇಲೆ ಸಾಗಿತು, ಅಂಚಿಗೆ ಬಂತು, ಬೋಲ್ಟಿನ ಒಂದು ತೂತಿನ ಹತ್ತಿರ ಬಂದಾಗ ಟಿಕ್ ಟಿಕ್ ಎಂದಿತು. ಪಿಸುಮಾತು ಕೈ ಎತ್ತಿದಳು. ಮತ್ತೆ ಇನ್ನೂ ನಿಧಾನವಾಗಿ ಬಂದಳು. ಮತ್ತೆ ಟಿಕ್ ಟಿಕ್. ತೀರ ಸ್ವಲ್ಪ ಹೆಚ್ಚು. ನನ್ನ ಕಿವಿಗೆ ಪಾಸು ಎಂದರೂ ನಡೆಯುವಷ್ಟು.

ಮ್ಯಾನೇಜರು ಬಗ್ಗಿ ಅವಳ ಕಿವಿಯಲ್ಲಿ, ಆದರೆ ನಮಗೂ ಕೇಳಿಸುವಂತೆ, "ಅದು ಮೇಡಮ್ಮೇ ಹೊಡೆದಿದ್ದು ಕಣಮ್ಮ. ಅವರ ಕೈಯಿಂದ ಬಂದಿದ್ದಕ್ಕೆ ಇನ್ನೇನು ಅನುಮಾನ? ಹಾಕಿಬಿಡು," ಎಂದರು.

ಪಿಸುಮಾತು ಅತ್ತೆಯ ಕಡೆ ನೋಡಿದಳು. ಅತ್ತೆಯ ಮುಖ ಕವಚದ ಹಿಂದೆ ಇತ್ತು, ಏನೂ ಕಾಣುತ್ತಿರಲಿಲ್ಲ. ಅವರು ಬೇಕೆಂದೇ ಕವಚ ತೆಗೆದಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅವರ ಕೈ ಮಾತ್ರ ತಳ್ಳುಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಪಿಸುಮಾತು ಪಂಚ್ ಎತ್ತಿದಳು. ಎತ್ತಿದ ಪಂಚನ್ನು ಅವಳು ಜೇಬಿಗೆ ಹಾಕಿಕೊಂಡಳು. ಆಮೇಲೆ ತುಟಿ ಅಲುಗಿಸಿದಳು. ಲಾರಿಯ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ, ಆದರೆ ಆ ಮಾತನ್ನು ನಾನು ಬಾಳಿನಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ತುಟಿ ನೋಡಿಯೇ ಗೊತ್ತಾಯಿತು.

ವಾಪಸ್.

ಮ್ಯಾನೇಜರು ಹಣೆ ಚಚ್ಚಿಕೊಂಡರು. ಅತ್ತೆ ಕವಚ ಮೇಲೆತ್ತಿದರು. "ಎಲ್ಲಿ?" ಎಂದು ಗದರಿದರು.

"ತೂತಿನ ಅಂಚಲ್ಲಿ, ಮೇಡಂ. ಒಳಗಡೆ." ಈ ಸಲ ಅವಳ ದನಿ ಕೇಳಿಸಿತು.

ಅತ್ತೆ ಬಗ್ಗಿ, ತೂತಿನೊಳಗೆ ಕಣ್ಣಿಟ್ಟು ನೋಡಿದರು. ನನ್ನ ಮೂರು ಸಲದ ಹೊಡೆತಕ್ಕೂ ಸಿಗದೆ ಒಂದು ಗೆರೆಯಷ್ಟು ಹಳೆಯ ಬಣ್ಣ ಅಲ್ಲಿ ಉಳಿದಿತ್ತು. ನೆಟ್ಟಗೆ ನಿಂತಾಗ ಅವರ ಎರಡೂ ಕೆನ್ನೆ ಒದ್ದೆಯಾಗಿದ್ದವು, ಬಾಯಿ ಮಾತ್ರ ಕಿವಿಯವರೆಗೆ ಅಗಲವಾಗಿತ್ತು.

"ಅಳಿಯಂದ್ರೇ, ಕೇಳಿಸ್ಕೊಂಡ್ರಾ?" ಎಂದು ಕಾರ್ಖಾನೆಯ ನಡುವೆ ನಿಂತು ಕೂಗಿದರು. "ನನಗೇ ಆಗಲ್ಲ ಅಂದ್ಲು! ನನಗೇ!"

ಹಾಗೆಂದು ತಳ್ಳುಗಾಡಿಯನ್ನು ಗರ್ರನೆ ತಿರುಗಿಸಿ, ಹಲಗೆಯನ್ನು ಹೇರಿಕೊಂಡು, ನಾನು ಹಿಂದೆ ಓಡಿ ಬರುವಷ್ಟರಲ್ಲಿ ಕೆರೆಯುವ ಕೋಣೆಯ ಬಾಗಿಲು ತಲುಪಿಬಿಟ್ಟಿದ್ದರು.